ಮೊದಲ ರೈಫಲ್

ಗಂಡುಮಗು ಹುಟ್ಟಿದರೆ ಗುಂಡು ಹಾರಿಸಿ ಸಾರುವುದು ಕೊಡವರ ಹಳೆಯ ಸಂಪ್ರದಾಯ. ಹದಿನಾಲ್ಕು ವರ್ಷಗಳ ಹಿಂದೆ ಪುಣೆಯಲ್ಲಿ ನನಗೆ ಮಗಳು ಹುಟ್ಟಿದಾಗ ಊರಿನ ನಮ್ಮ ಅಂಗಳ ಮೌನವಾಗಿತ್ತು. ಈಗ ಅವಳಿಗೆ ಹತ್ತು ಮೀಟರ್ ಏರ್ ರೈಫಲ್ ಕಲಿಯುವ ಹಂಬಲ.

ಹಳೆಯ ಋಣ ತೀರಿಸುವವನಂತೆ ಅತ್ಯಂತ ದುಬಾರಿ ರೈಫಲನ್ನೇ ಕೊಡಿಸಲು ಹೊರಟೆ. ತರಬೇತುದಾರರು ತಡೆದರು. "ಕೆಲವು ತಿಂಗಳು ಕ್ಲಬ್ಬಿನ ರೈಫಲಿನಲ್ಲೇ ಕಲಿಯಲಿ. ಕೊಳ್ಳುವಾಗ ಹೆಸರನ್ನು ನೋಡಬೇಡಿ. ಹಿಂಬದಿ ಭುಜಕ್ಕೆ ಸರಿಯಾಗಿ ಕೂರಬೇಕು, ಕೆನ್ನೆ ತಾನಾಗಿ ಒರಗಬೇಕು. ನಿಯಮದಂತೆ ತೂಕ 5.5 ಕಿಲೋವರೆಗೆ ಇರಬಹುದು, ಎಳೆಯ ತೋಳಿಗೆ ಅಷ್ಟು ಬೇಡ" ಎಂದರು. ಹತ್ತು ಅಂಕದ ಚುಕ್ಕೆಯ ಅಗಲ ಕೇವಲ 0.5 ಮಿಲಿಮೀಟರ್. ಅಲ್ಲಿಗೆ ತಲುಪಿಸುವುದು ಹಣವಲ್ಲ, ನಿಶ್ಚಲವಾಗಿ ನಿಲ್ಲುವ ಅಭ್ಯಾಸ.

ಆರು ತಿಂಗಳ ಬಳಿಕ, ಅವಳ ಅಳತೆಗೆ ಹೊಂದಿಸಬಹುದಾದ ಹಗುರ ರೈಫಲೊಂದನ್ನು ಅವಳೇ ಆರಿಸಿದಳು. ನಾನು ಬಾಯಿ ಹಾಕಲಿಲ್ಲ. ಅದರಿಂದ ಹೊಡೆದ ಮೊದಲ ಗುರಿಹಾಳೆಯನ್ನು ತಾತನಿಗೆ ಅಂಚೆಯಲ್ಲಿ ಕಳುಹಿಸಿದಳು.

ಈ ಸಲದ ಕೈಲ್‌ಪೋಳ್ದ್ ಹಬ್ಬದಲ್ಲಿ ಅಪ್ಪ ಆ ಹಾಳೆಯನ್ನು ಮನೆಯ ಕೋವಿಯ ಪಕ್ಕದಲ್ಲಿಟ್ಟು, ಎರಡಕ್ಕೂ ಹೂವೇರಿಸಿದರಂತೆ.