ದಿಗ್ವ್ರತವೂ ವಿದೇಶಯಾನವೂ

ಸಿಂಧನೂರಿನ ಅಕ್ಕಿ ವ್ಯಾಪಾರಿಯೊಬ್ಬರ ವಿವಾಹದ ಐವತ್ತನೆಯ ವರ್ಷಕ್ಕೆ ಮಕ್ಕಳು ಇಂಗ್ಲೆಂಡಿನಲ್ಲಿ ಕಾರು ಪ್ರವಾಸವನ್ನು ಯೋಜಿಸಿದರು: ಲಂಡನ್ನಿನಿಂದ ಲೆಸ್ಟರಿಗೆ, 1988ರಲ್ಲಿ ಪ್ರತಿಷ್ಠೆಗೊಂಡ ಜಿನಾಲಯದ ದರ್ಶನಕ್ಕೆ. ಜೂನ್ ತಿಂಗಳೇ ಲೇಸೆಂದರು. ಆಗ ಅಲ್ಲಿ ಸೂರ್ಯಾಸ್ತವು ರಾತ್ರಿ 9ರ ನಂತರ. ಡಿಸೆಂಬರಿನಲ್ಲಾದರೆ ಸಂಜೆ 4ರೊಳಗೇ. ರಾತ್ರಿಭೋಜನತ್ಯಾಗಿಗಳಿಗೆ ಇದು ಸಣ್ಣ ವಿಚಾರವಲ್ಲ.

ತೊಡಕು ಬೇರೆಡೆಯಿತ್ತು. ಗೃಹಿಣಿಯು ದಿಗ್ವ್ರತವನ್ನು ಸ್ವೀಕರಿಸಿ, ಭಾರತದ ಗಡಿಯನ್ನೇ ಮೇರೆಯಾಗಿಟ್ಟುಕೊಂಡಿದ್ದರು. ಪೂರ್ವದ ಮೇರೆಯನ್ನು ಕುಗ್ಗಿಸಿ ಪಶ್ಚಿಮಕ್ಕೆ ಕೂಡಿಸಬಾರದೇಕೆಂದು ಹಿರಿಯ ಮಗ ಲೆಕ್ಕ ಹೇಳಿದನು. ಅಂಗಡಿಯ ಜಮಾಖರ್ಚಿಗೆ ಒಪ್ಪುವ ಮಾತೇ! ಆದರೆ ತತ್ತ್ವಾರ್ಥಸೂತ್ರವು ‘ಕ್ಷೇತ್ರವೃದ್ಧಿ’ಯನ್ನು ಅತಿಚಾರಗಳಲ್ಲಿ ಎಣಿಸುತ್ತದೆ, ಮೇರೆಯನ್ನು ಮರೆಯುವುದೂ ಅಲ್ಲಿ ಅತಿಚಾರವೇ.

ಪತ್ನಿಯನ್ನು ಬಿಟ್ಟು ಹೋಗಲು ಯಜಮಾನರು ಒಪ್ಪಲಿಲ್ಲ. ಆ ದಿನ ಕಾರು ಲಿಂಗಸುಗೂರಿನತ್ತ ಹೊರಟಿತು. ನಡುವೆ ಮಸ್ಕಿಯಲ್ಲಿ, ಅಶೋಕನ ಹೆಸರನ್ನೇ ಹೊತ್ತು 1915ರಲ್ಲಿ ಬೆಳಕಿಗೆ ಬಂದ ಶಾಸನದ ಬಂಡೆಯೆದುರು ದಂಪತಿಗಳು ಬಹಳ ಹೊತ್ತು ನಿಂತರು. ಲಿಂಗಸುಗೂರಿನ ನೆಂಟರ ಮನೆಯಲ್ಲಿ ಊಟಕ್ಕೆ ಕುಳಿತಾಗ ಸೂರ್ಯನಿನ್ನೂ ಮುಳುಗಿರಲಿಲ್ಲ.