ಕೀಫ್ರೇಮುಗಳ ಸಹವಾಸ

ಚಲನೆಯನ್ನು ಸೃಷ್ಟಿಸುವುದರಲ್ಲಿರುವ ಆನಂದವು ಚಿತ್ರವನ್ನು ಬರೆಯುವುದರಲ್ಲಿರುವ ಆನಂದಕ್ಕಿಂತ ಭಿನ್ನವಾದದ್ದು. ಚಿತ್ರಕಾರನಿಗೆ ರೂಪವು ಒಲಿದರೆ ಸಾಕು. ಚಿತ್ರವನ್ನು ಚಲಿಸುವಂತೆ ಮಾಡಹೊರಟವನಾದರೋ ರೂಪದೊಡನೆ ಕಾಲವನ್ನೂ ಒಲಿಸಿಕೊಳ್ಳಬೇಕು, ವಸ್ತುವು ಎಲ್ಲಿದೆ ಎಂಬುದರ ಜೊತೆಗೆ ಅದು ಯಾವಾಗ ಅಲ್ಲಿದೆ, ಅಲ್ಲಿಂದ ಹೊರಡಲು ಎಷ್ಟು ತವಕಪಡುತ್ತದೆ ಅಥವಾ ಎಷ್ಟು ಹಿಂಜರಿಯುತ್ತದೆ ಎಂಬುದನ್ನೂ ನಿರ್ಣಯಿಸಬೇಕು. ಮೋಷನ್ ಗ್ರಾಫಿಕ್ಸ್ ತಂತ್ರಾಂಶಗಳಲ್ಲಿ ಈ ನಿರ್ಣಯಕ್ಕೆ ಒದಗುವ ಸಾಧನವೇ ಕೀಫ್ರೇಮ್. ಟೈಮ್‌ಲೈನಿನ ಮೇಲೆ ಕಾಳಿನಷ್ಟೇ ಗಾತ್ರದಲ್ಲಿ ಕುಳಿತುಕೊಳ್ಳುವ ಆ ವಜ್ರಾಕೃತಿಯ ಗುರುತು ಬಹುಕಾಲದಿಂದ ನನ್ನ ಸಾಯಂಕಾಲಗಳನ್ನು ತನ್ನವಾಗಿ ಮಾಡಿಕೊಂಡಿದೆ.

ಅದರ ಕಾರ್ಯವನ್ನು ಹೇಳುವುದು ಸುಲಭ. ಆಫ್ಟರ್ ಎಫೆಕ್ಟ್ಸ್ ಎಂಬ ತಂತ್ರಾಂಶದಲ್ಲಿ ಒಂದು ಲೇಯರಿನ, ಎಂದರೆ ಚಿತ್ರದ ಒಂದು ಪದರದ, ಪೊಸಿಶನ್ ಪಕ್ಕದಲ್ಲಿರುವ ಸ್ಟಾಪ್‌ವಾಚನ್ನು ಒತ್ತಿದೊಡನೆ ಆ ಕ್ಷಣಕ್ಕೆ ಒಂದು ಕೀಫ್ರೇಮ್ ಬೀಳುತ್ತದೆ. ನಾಲ್ಕು ಸೆಕೆಂಡು ಮುಂದಕ್ಕೆ ಹೋಗಿ ಲೇಯರನ್ನು ಪರದೆಯ ಇನ್ನೊಂದು ಅಂಚಿಗೆ ಎಳೆದರೆ ಎರಡನೆಯದು ತಾನಾಗಿಯೇ ಮೂಡುತ್ತದೆ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಅಷ್ಟು ಅವಧಿಗೆ 100 ಚಿತ್ರಗಳು ಬೇಕು. ನಾನು ಹೇಳಿದ್ದು ಆದ್ಯಂತಗಳನ್ನು ಮಾತ್ರ, ನಡುವಿನದನ್ನೆಲ್ಲ ಯಂತ್ರವು ಗಣಿಸಿ ತುಂಬುತ್ತದೆ. ಹಿಂದೆ ಈ ನಡುವನ್ನು ಮನುಷ್ಯರೇ ತುಂಬುತ್ತಿದ್ದರು: ಕಾರ್ಟೂನ್ ಸ್ಟುಡಿಯೋಗಳಲ್ಲಿ ಪಳಗಿದ ಕಲಾವಿದನು ಮುಖ್ಯ ಭಂಗಿಗಳನ್ನು ಬರೆದಿಟ್ಟು ಎದ್ದನೆಂದರೆ ಕಿರಿಯರು ಕುಳಿತು ಒಂದು ಭಂಗಿಯಿಂದ ಮತ್ತೊಂದಕ್ಕೆ ಹಾಳೆಯ ಮೇಲೆ ಹಾಳೆಯಿಟ್ಟು ಸೇತುವೆ ಕಟ್ಟುತ್ತಿದ್ದರು. ಈ ಶ್ರಮವನ್ನು ಗಣಕಕ್ಕೆ ಒಪ್ಪಿಸಬಹುದೆಂದು 1970ರ ಸುಮಾರಿಗೆ ತೋರಿಸಿಕೊಟ್ಟವರು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯ ನೆಸ್ಟರ್ ಬರ್ಟ್‌ನಿಕ್ ಮತ್ತು ಮಾರ್ಸೆಲಿ ವೈನ್. ಅವರ ವಿಧಾನವನ್ನು ಬಳಸಿ ಪೀಟರ್ ಫೋಲ್ಡೆಸ್ 1974ರಲ್ಲಿ ‘ಹಂಗರ್’ ಎಂಬ ಕಿರುಚಿತ್ರವನ್ನು ರಚಿಸಿದನು. ನಾನು ಬಳಸುವ ಆಫ್ಟರ್ ಎಫೆಕ್ಟ್ಸ್ ಹೊರಬಂದದ್ದು ಅದಕ್ಕೂ ಬಹಳ ತಡವಾಗಿ, 1993ರಲ್ಲಿ.

ಆದರೆ ಯಂತ್ರವು ತಾನಾಗಿ ತುಂಬುವ ನಡುವು ಸಮಸಮವಾದದ್ದು. ಪ್ರತಿ ಫ್ರೇಮಿಗೂ ಅಷ್ಟೇ ದೂರ, ಅಷ್ಟೇ ವೇಗ. ಲೋಕದಲ್ಲಿ ಹಾಗೆ ಚಲಿಸುವುದು ಬಹಳ ವಿರಳ. ಅಡಿಕೆ ಮರದಿಂದ ಹಾಳೆ ಸಮೇತ ಕಳಚಿಕೊಳ್ಳುವ ಸೋಗೆಯನ್ನು ನೋಡಿದವರು ಬಲ್ಲರು: ಮೊದಲು ಅದು ಮರವನ್ನು ಬಿಡಲೋ ಬೇಡವೋ ಎಂಬಂತೆ ತೂಗಾಡುತ್ತದೆ, ಬಿಟ್ಟ ಮೇಲೆ ಗಳಿಗೆಗೊಮ್ಮೆ ವೇಗವನ್ನು ಕೂಡಿಸಿಕೊಳ್ಳುತ್ತದೆ, ನೆಲ ಮುಟ್ಟುವಾಗ ಯಾವ ದಾಕ್ಷಿಣ್ಯವೂ ಇಲ್ಲದೆ ಧೊಪ್ಪನೆ ನಿಲ್ಲುತ್ತದೆ. ಈ ತಾರತಮ್ಯವನ್ನು ಪರದೆಯ ಮೇಲೆ ತರುವ ಸ್ಥಳವೆಂದರೆ ಗ್ರಾಫ್ ಎಡಿಟರ್. ಅಲ್ಲಿ ಕೀಫ್ರೇಮಿನ ಎರಡು ಪಾರ್ಶ್ವಗಳಲ್ಲಿಯೂ ಹಿಡಿಕೆಗಳು ಚಾಚಿಕೊಂಡಿರುತ್ತವೆ. ಅವನ್ನು ಎಳೆದಂತೆ ರೇಖೆಯು ಬಾಗುತ್ತದೆ, ರೇಖೆ ಬಾಗಿದಂತೆ ಚಲನೆಯ ಸ್ವಭಾವವೇ ಬದಲಾಗುತ್ತದೆ. ಈ ವಕ್ರರೇಖೆಗೆ ಹೆಸರು ಕೊಟ್ಟ ಪಿಯರ್ ಬೆಜಿಯೆ ಫ್ರಾನ್ಸಿನ ರೆನೋ ಕಾರ್ಖಾನೆಯ ಇಂಜಿನಿಯರು. ಕಾರುಗಳ ಮೈಯ ತಿರುವುಗಳಿಗಾಗಿ ಆತನು ಬಳಕೆಗೆ ತಂದ ಗಣಿತವು ಇಂದು ಚಂದ್ರಗುತ್ತಿಯ ನನ್ನ ಮೇಜಿನ ಮೇಲೆ ಸೋಗೆಯನ್ನು ಬೀಳಿಸುತ್ತಿದೆ!

ಚಂದ್ರಗುತ್ತಿಯನ್ನೊಳಗೊಂಡ ನಮ್ಮ ಸೊರಬ ಸೀಮೆಯು ರೇಖೆಯನ್ನು ಪ್ರೀತಿಸಿದ ಸೀಮೆ. ಇಲ್ಲಿನ ಗುಡಿಗಾರರ ಉಳಿಯು ಗಂಧದ ಕೊರಡಿನಲ್ಲಿ ಬಳ್ಳಿಯನ್ನು ಹಬ್ಬಿಸಬಲ್ಲದು. ದೀವರ ಸಮುದಾಯದ ಮನೆಗಳ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚವನ್ನದ್ದಿ, ಹಸೆ ಚಿತ್ತಾರವನ್ನು ಬರೆಯುತ್ತಾರೆ. ಮದುವೆಯ ಗೋಡೆಗೂ ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೂ ಮೆರುಗು ಕೊಡುವ ಈ ಚಿತ್ತಾರದಲ್ಲಿ ತೇರಿನ ಆಕೃತಿಯು ನನಗೆ ಪರಮಪ್ರಿಯವಾದದ್ದು. ಈ ಮಳೆಗಾಲದಲ್ಲಿ, ರೇಣುಕಾಂಬೆಯ ಗುಹಾಲಯವನ್ನೂ ಹಳೆಯ ಕೋಟೆಯನ್ನೂ ಹೊತ್ತ ನಮ್ಮೂರ ಗುಡ್ಡವು ಮಂಜಿನಲ್ಲಿ ಮರೆಯಾಗಿರುವಾಗ, ನಾನು ಕೈಗೆತ್ತಿಕೊಂಡಿರುವ ಕೆಲಸವೆಂದರೆ ಆ ಚಿತ್ತಾರದ ತೇರನ್ನು ಪರದೆಯ ಮೇಲೆ ಎಳೆಯಿಸುವುದು.

ಮೊದಲು ತೇರು ಬರೆಯಲ್ಪಡಬೇಕು. ಟ್ರಿಮ್ ಪಾಥ್ಸ್ ಎಂಬ ಸೌಲಭ್ಯದಿಂದ ಒಂದು ಗೆರೆಯನ್ನು ಶೂನ್ಯದಿಂದ ಪೂರ್ಣಕ್ಕೆ ಬೆಳೆಸಬಹುದು. ಎರಡು ಕೀಫ್ರೇಮುಗಳು ಸಾಕು. ಆದರೆ ಬರೆಯುವ ಕೈ ಹಾಗೆ ಒಂದೇ ವೇಗದಲ್ಲಿ ಓಡುವುದಿಲ್ಲವಷ್ಟೆ. ಅದು ನೇರವಾದ ಎಳೆಯಲ್ಲಿ ಧೈರ್ಯವಾಗಿ ಸಾಗುತ್ತದೆ, ಮೂಲೆ ಬಂದಲ್ಲಿ ತಡೆಯುತ್ತದೆ, ಬಿಳಿ ಮುಗಿದಾಗ ಗೋಡೆಯನ್ನು ಬಿಟ್ಟು ಬಟ್ಟಲಿಗೆ ಇಳಿದು ಮತ್ತೆ ಬರುತ್ತದೆ. ಈ ಕೊನೆಯ ವಿರಾಮಕ್ಕಾಗಿ ಹೋಲ್ಡ್ ಕೀಫ್ರೇಮನ್ನು ಇಡುತ್ತೇನೆ. ಮುಂದಿನ ಕೀಫ್ರೇಮ್ ಬರುವವರೆಗೆ ಗೆರೆಯು ಇದ್ದಲ್ಲಿಯೇ ಅಚಲವಾಗಿ ಕಾಯುತ್ತದೆ. ಆ ಹತ್ತು ಹನ್ನೆರಡು ಫ್ರೇಮುಗಳ ನಿಶ್ಚಲತೆಯಿಂದಲೇ ನೋಡುವವನಿಗೆ ಕಾಣದ ಕೈಯೊಂದು ಕಂಡಂತಾಗುತ್ತದೆ.

ಅನಂತರ ತೇರು ಹೊರಡಬೇಕು. ಬನವಾಸಿಯ ಮಧುಕೇಶ್ವರನ ತೇರನ್ನು ಎಳೆಯುವಾಗ ಜನರೆಲ್ಲ ಹಗ್ಗಕ್ಕೆ ಮೈಕೊಟ್ಟು ಒಂದಾಗಿ ಜಗ್ಗಿದರೂ ಗಾಲಿಗಳು ಮೊದಲು ನರಳುತ್ತವೆಯೇ ಹೊರತು ಉರುಳುವುದಿಲ್ಲ. ಉರುಳತೊಡಗಿದ ಮೇಲಾದರೋ ಹಿಡಿಯುವುದೇ ಕಷ್ಟ, ಗಾಲಿಯಡಿಗೆ ಮರದ ತುಂಡು ಕೊಟ್ಟು ನಿಲ್ಲಿಸಬೇಕು. ತಂತ್ರಾಂಶದ ಈಜಿ ಈಸ್ ಎಂಬ ಸಿದ್ಧಸೂತ್ರವು ಎರಡು ತುದಿಗಳಿಗೂ 33.33 ಪ್ರತಿಶತದ ಸಮಾನ ಮೃದುತ್ವವನ್ನು ಕೊಡುತ್ತದೆ. ಹಾಗೆ ಹೊರಟು ಹಾಗೆ ನಿಲ್ಲುವ ತೇರು ಬೆಂಡಿನ ತೇರಾದೀತು. ಆದಕಾರಣ ಹೊರಡುವ ಹಿಡಿಕೆಯನ್ನು 80ರ ಆಚೆಗೆ ಎಳೆಯುತ್ತೇನೆ, ನಿಲ್ಲುವ ಹಿಡಿಕೆಯನ್ನು 10ಕ್ಕೆ ಮೊಟಕುಮಾಡುತ್ತೇನೆ. ಇಷ್ಟರಿಂದಲೇ ಬಿಳಿಯ ಗೆರೆಗಳಲ್ಲದೆ ಬೇರೇನೂ ಅಲ್ಲದ ಆ ಆಕೃತಿಗೆ ತೂಕ ಬರುತ್ತದೆ. ಇನ್ನು ತೇರಿನ ತಲೆಯು ಬುಡದೊಡನೆ ಒಮ್ಮೆಗೇ ನಿಲ್ಲಲಾರದು. ಕಲಶದ ಕೀಫ್ರೇಮುಗಳನ್ನು ಮೂರು ಫ್ರೇಮು, ಪತಾಕೆಯವನ್ನು ಆರು ಫ್ರೇಮು ಟೈಮ್‌ಲೈನಿನಲ್ಲಿ ಮುಂದಕ್ಕೆ ಸರಿಸಿದರೆ, ಗಾಲಿ ನಿಂತ ಮೇಲೆ ಕಲಶವು ಒಮ್ಮೆ ಮುಂದಕ್ಕೆ ತೊನೆಯುತ್ತದೆ, ಅದರ ಹಿಂದೆಯೇ ಪತಾಕೆಯು ಬೀಸಿ ಅಡಗುತ್ತದೆ. ಆ ಆರು ಫ್ರೇಮು ಒಂದು ಸೆಕೆಂಡಿನ ನಾಲ್ಕನೆಯ ಒಂದು ಭಾಗಕ್ಕೂ ಕಡಿಮೆ. ಅದನ್ನು ಕಣ್ಣು ಎಣಿಸಲಾರದು, ಆದರೆ ಅದಿಲ್ಲದಿದ್ದರೆ ಮನಸ್ಸು ನಂಬಲಾರದು.

ಹೀಗೆ ಪ್ರಿವ್ಯೂ ಓಡಿಸಿ, ನೋಡಿ, ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸಿ, ಮರಳಿ ಓಡಿಸುವ ಈ ವ್ಯವಸಾಯದಲ್ಲಿ ರಾತ್ರಿ ಕಳೆದದ್ದೇ ತಿಳಿಯುವುದಿಲ್ಲ. ಇದರಿಂದ ನನಗೆ ಮನದಟ್ಟಾದ ತತ್ತ್ವವೊಂದುಂಟು: ಚಲನೆಯ ಸೊಬಗು ಕೀಫ್ರೇಮುಗಳ ಸಂಖ್ಯೆಯಲ್ಲಿಲ್ಲ, ಅವುಗಳ ನಡುವಣ ಅಂತರದಲ್ಲಿದೆ. ಹೆಜ್ಜೆಹೆಜ್ಜೆಗೂ ವಜ್ರಗಳನ್ನು ಚೆಲ್ಲಿದ ಟೈಮ್‌ಲೈನಿನಲ್ಲಿ ವಸ್ತುವು ತಡವರಿಸುತ್ತದೆ, ಏಕೆಂದರೆ ಪ್ರತಿಯೊಂದು ಕೀಫ್ರೇಮೂ ಒಂದೊಂದು ಆಜ್ಞೆ; ಎರಡು ಮೂರನ್ನೇ ವಿವೇಕದಿಂದ ಇಟ್ಟು, ರೇಖೆಯನ್ನು ತಾಳ್ಮೆಯಿಂದ ಬಾಗಿಸಿದರೆ ಅದು ತನ್ನ ಸ್ವಂತ ಇಚ್ಛೆಯಿಂದಲೇ ನಡೆದಂತೆ ತೋರುತ್ತದೆ. ಆ ವಿವೇಕವನ್ನು ಯಾವ ತಂತ್ರಾಂಶವೂ ಕೊಡಲಾರದು. ಅದನ್ನು ಜಾತ್ರೆಯ ಬೀದಿಯಲ್ಲಿಯೂ ಅಡಿಕೆಯ ತೋಟದಲ್ಲಿಯೂ ಕಣ್ಣುಬಿಟ್ಟು ನಿಂತು ಸಂಪಾದಿಸಬೇಕು.

ಈ ಕಲೆಯತ್ತ ಮನಸ್ಸಿರುವ ನಮ್ಮೂರ ತರುಣ ತರುಣಿಯರಿಗೆ ನನ್ನದೊಂದು ಬಿನ್ನಹ. ಹಣವಿಲ್ಲವೆಂದು ಹಿಂಜರಿಯಬೇಡಿ, ಬ್ಲೆಂಡರ್ ಎಂಬ ಸಮರ್ಥ ತಂತ್ರಾಂಶವು ಉಚಿತವಾಗಿಯೇ ದೊರೆಯುತ್ತದೆ, ಕೀಫ್ರೇಮೂ ಹಿಡಿಕೆಯೂ ವಕ್ರರೇಖೆಯೂ ಅಲ್ಲಿಯೂ ಇವೆ. ಪರದೇಶದ ಮಾದರಿಗಳನ್ನು ಹುಡುಕುವ ಮುನ್ನ ನಿಮ್ಮ ಮನೆಯ ಗೋಡೆಯ ಚಿತ್ತಾರದಿಂದಲೇ ಒಂದು ಆಕೃತಿಯನ್ನು, ಬರೆದವರ ಒಪ್ಪಿಗೆ ಪಡೆದು, ಎತ್ತಿಕೊಳ್ಳಿ. ಎರಡು ಕೀಫ್ರೇಮುಗಳನ್ನಿಟ್ಟು ನೋಡಿ, ಮೂರನೆಯದನ್ನು ಇಡುವ ಮೊದಲು ಅದು ಏಕೆ ಬೇಕೆಂದು ನಿಮ್ಮನ್ನೇ ಕೇಳಿಕೊಳ್ಳಿ.