ಚೆಂಡಿಲ್ಲದ ಓಟ

ಹಾಕಿಯಲ್ಲಿ ಫಾರ್ವರ್ಡ್ ಆಗುವುದೆಂದರೆ ಗೋಲು ಹೊಡೆಯುವುದೇ ಎಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಗೆ ಬೆಲೆ ತೆತ್ತದ್ದು ಕಳೆದ ವರ್ಷ, ಬಳ್ಳಾರಿಯ ಉರಿಬಿಸಿಲಿನ ಬಯಲಿನಲ್ಲಿ. ನಾವು ಒಂದು ಗೋಲು ಹಿಂದಿದ್ದೆವು. ಆಟ ಮುಗಿಯಲು ಎರಡೇ ನಿಮಿಷ ಉಳಿದಿತ್ತು. ಚೆಂಡು ನನ್ನ ಬಳಿ ಇತ್ತು. ಸಿರುಗುಪ್ಪದ ಗೆಳೆಯ ಗೋಲಿನ ಎದುರು ಒಬ್ಬನೇ ನಿಂತು ಸ್ಟಿಕ್ಕಿನಿಂದ ನೆಲ ಬಡಿಯುತ್ತಿದ್ದ. ಕಂಡೂ ಕಾಣದವನಂತೆ ನಾನೇ ಹೊಡೆದೆ. ಚೆಂಡು ಹೊರಗೆ ಹೋಯಿತು. ಬಸ್ ನಿಲ್ದಾಣದವರೆಗೂ ಗೆಳೆಯ ಒಂದು ಮಾತಾಡಲಿಲ್ಲ. ಅವನು ಸಿರುಗುಪ್ಪದ ಬಸ್ಸು ಹತ್ತಿದ, ನಾನು ಕುರುಗೋಡಿನದು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಆ ಬೇಸರದ ದಿನಗಳಲ್ಲಿಯೇ ನಮ್ಮ ನಾಡಿನ ಹೆಸರಾಂತ ಫಾರ್ವರ್ಡ್ ಎಸ್. ವಿ. ಸುನಿಲ್ ಅವರ ವೃತ್ತಾಂತವನ್ನು ಓದತೊಡಗಿದೆ. ಅವರು 1989ರಲ್ಲಿ ಹುಟ್ಟಿದವರು, ಕೊಡಗಿನ ಸೋಮವಾರಪೇಟೆಯವರು. ತಂದೆ ಬಡಗಿ. ಬಾಲ್ಯದಲ್ಲಿ ಬಿದಿರಿನ ಕೋಲೇ ಸ್ಟಿಕ್ಕು. 2007ರಲ್ಲಿ ಚೆನ್ನೈನ ಏಷ್ಯಾ ಕಪ್ಪಿನಲ್ಲಿ ಭಾರತದ ಪರವಾಗಿ ಕಣಕ್ಕಿಳಿದರು, ಭಾರತ ಗೆದ್ದಿತು. 2009ರಲ್ಲಿ ಮಲೇಷಿಯಾದ ಅಜ್ಲನ್ ಷಾ ಪಂದ್ಯಾವಳಿಯ ಹೊತ್ತಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ಅವರು ತಂಡವನ್ನು ಬಿಟ್ಟು ಬರಲಿಲ್ಲ. ಆ ಕಪ್ಪನ್ನೂ ಭಾರತವೇ ಗೆದ್ದಿತು. ಗೆದ್ದ ರಾತ್ರಿ ಆ ಹತ್ತೊಂಬತ್ತರ ತರುಣನ ಎದೆಯಲ್ಲಿ ಏನಿದ್ದಿತೋ, ನಾವು ಬಲ್ಲೆವೆ?

2014ರಲ್ಲಿ ಇಂಚಾನ್ ಏಷ್ಯನ್ ಕ್ರೀಡೆಯಲ್ಲಿ ಪಾಕಿಸ್ತಾನವನ್ನು ಸೋಲಿಸಿ, ಹದಿನಾರು ವರ್ಷಗಳ ಮೇಲೆ ಚಿನ್ನ ತಂದ ತಂಡದಲ್ಲಿ ಅವರಿದ್ದರು. 2017ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಆದರೆ ನನ್ನನ್ನು ಬೆರಗುಗೊಳಿಸಿದ್ದು ಒಂದು ಲೆಕ್ಕ. ಹದಿನಾಲ್ಕು ವರ್ಷ, 264 ಪಂದ್ಯ, 72 ಗೋಲು. ಸುಮಾರು ನಾಲ್ಕು ಆಟಕ್ಕೆ ಒಂದು ಗೋಲಾಯಿತಷ್ಟೆ! ಉಳಿದ ಆಟಗಳಲ್ಲಿ ಈ ಮಹಾಶಯರು ಮಾಡಿದ್ದೇನು? ಓಡಿದರು. ಹಾಕಿಯಲ್ಲಿ ವೃತ್ತದೊಳಗಿನಿಂದ ಹೊಡೆದ ಚೆಂಡಿಗೆ ಮಾತ್ರ ಗೋಲಿನ ಮಾನ್ಯತೆ. ಬದಿಯ ಗೆರೆಗುಂಟ ಓಡಿ ಚೆಂಡನ್ನು ಅಲ್ಲಿಗೆ ಮುಟ್ಟಿಸುವವನೊಬ್ಬ ಬೇಕು. ಚೆಂಡಿಲ್ಲದೆಯೂ ಓಡಿ, ಎದುರಾಳಿಗಳನ್ನು ತನ್ನ ಬೆನ್ನಿಗೆ ಎಳೆದುಕೊಂಡು, ಜೊತೆಗಾರನಿಗೆ ದಾರಿ ಬಿಡಿಸುವವನೂ ಬೇಕು. ಆ ಓಟವನ್ನು ಯಾರೂ ಬರೆದಿಡುವುದಿಲ್ಲ.

ನಮ್ಮೂರು ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು ಎಳೆಯುವಾಗ ಜನರೆಲ್ಲ ಕಳಸದತ್ತ ನೋಡಿ ಉತ್ತತ್ತಿ ಎಸೆಯುತ್ತಾರೆ. ನಮ್ಮಪ್ಪ ಮಾತ್ರ ಗಾಲಿಯ ಪಕ್ಕದಲ್ಲಿ ಬಗ್ಗಿ, ಮರದ ತುಂಡು ಕೊಟ್ಟು ತೇರನ್ನು ದಾರಿಗೆ ತಿರುಗಿಸುತ್ತಿರುತ್ತಾರೆ. ಕಳಸ ನೋಡಲು ಅವರಿಗೆ ಬಿಡುವಿಲ್ಲ. ಈ ಲೆಕ್ಕ ಓದಿದ ಮೇಲೆಯೇ ಅಪ್ಪನ ಆ ಬಗ್ಗಿದ ಬೆನ್ನು ನನಗೆ ಕಾಣಿಸಿತು.

ಸುನಿಲ್ ಅವರು 2012ರ ಲಂಡನ್ ಮತ್ತು 2016ರ ರಿಯೋ ಒಲಿಂಪಿಕ್ಸ್ ಆಡಿದರು, ಪದಕ ಬರಲಿಲ್ಲ. 2018ರಲ್ಲಿ ಮೊಣಕಾಲಿನ ಪೆಟ್ಟಿನಿಂದ ಭುವನೇಶ್ವರದ ವಿಶ್ವಕಪ್ ತಪ್ಪಿತು. 2021ರ ಆಗಸ್ಟ್ 5ರ ಬೆಳಿಗ್ಗೆ, ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ಮೇಲೆ ಭಾರತ ಒಲಿಂಪಿಕ್ ಪದಕ ಪಡೆದಾಗ ನಾನು ಸಿರುಗುಪ್ಪದ ಸೋದರಮಾವನ ಮನೆಯಲ್ಲಿದ್ದೆ. ಗದ್ದೆಗೆ ಹೊರಟಿದ್ದ ಮಾವ ಸಲಿಕೆ ಹಿಡಿದು ಬಾಗಿಲಲ್ಲೇ ನಿಂತು ಆಟ ನೋಡಿದರು. "ಆ ಓಡೋ ಹುಡುಗ ಕಾಣವಲ್ಲ, ಎಲ್ಲದಾನಪ?" ಎಂದರು. ಸುನಿಲ್ ತಂಡಕ್ಕೆ ಆಯ್ಕೆಯಾಗಿರಲಿಲ್ಲ. ಅಕ್ಟೋಬರಿನಲ್ಲಿ ಅವರು ನಿವೃತ್ತರಾದರು. ಅಷ್ಟು ವರ್ಷ ಯಾವ ಪದಕದತ್ತ ಓಡಿದರೋ ಅದು ಬೇರೆಯವರ ಕೊರಳಿಗೆ ಬಿದ್ದಿತು. ಅದಕ್ಕಾಗಿ ಅವರ ಓಟ ವ್ಯರ್ಥವಾಯಿತೆನ್ನಲು ನನಗೆ ನಾಲಗೆ ಏಳದು.

ಮೊನ್ನೆ ಅದೇ ಬಯಲಿನಲ್ಲಿ ಮತ್ತೆ ಚೆಂಡು ನನಗೆ ಸಿಕ್ಕಿತು. ಗೆಳೆಯನತ್ತ ತಳ್ಳಿದೆ, ಅವನು ಹೊಡೆದ. ಗೋಲಾಯಿತೇ ಎಂದು ವಾಚಕರು ಕೇಳಬಹುದು. ಇಲ್ಲ, ಕಂಬಕ್ಕೆ ಬಡಿದು ಹಿಂದಕ್ಕೆ ಬಂತು. ಆದರೆ ಆ ಸಂಜೆ ಬಸ್ ನಿಲ್ದಾಣದಲ್ಲಿ ಅವನೇ ನನಗೆ ಚಹಾ ಕುಡಿಸಿದ. ಮಾತು ಮುಗಿಯದೆ, ಇಬ್ಬರೂ ಒಂದೊಂದು ಬಸ್ಸು ಬಿಟ್ಟೆವು.